ಮಾತ್ರೆಗಿಂತ ಮೊದಲು ಬಸ್ ಚಾರ್ಜು: ಜಗಳೂರಿನವರೆಗೆ ಬಂದ ಕುಟುಂಬ ಚಿಕಿತ್ಸೆಯ ಕಥೆ

 

‘ಫ್ಯಾಮಿಲಿ ಥೆರಪಿ’ ಅಂದ ತಕ್ಷಣ ನಿಮ್ಮ ಕಣ್ಮುಂದೆ ಏನು ಬರುತ್ತೆ? ಬಹುಶಃ ಯಾವುದೋ ವೆಬ್ ಸೀರೀಸ್‌ನ ದೃಶ್ಯ. ತಣ್ಣನೆಯ ಕೋಣೆ, ಮೆತ್ತನೆ ಸೋಫಾ, ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಗಂಟೆ ಲೆಕ್ಕದಲ್ಲಿ ಫೀಸು ತಗೊಳ್ಳೋ ಮೃದು ಮಾತಿನ ಡಾಕ್ಟ್ರು. ಗಂಡ, ಹೆಂಡತಿ, ಸಿಟ್ಟು ಮಾಡ್ಕೊಂಡ ಮಗಳು ಮೂರು ಮೂಲೇಲಿ. ಇಷ್ಟೇ ಅಂದ್ಕೊಂಡಿದ್ರೆ ಇವತ್ತಿನ ಕಂತು ಸ್ವಲ್ಪ ಬೇರೆ ಕಡೆ ಹೋಗುತ್ತೆ. ಮಳೆ ಕೈಕೊಡೋ ಜಗಳೂರಿಗೆ, ಅಡಿಕೆ ತೋಟದ ಚನ್ನಗಿರಿಗೆ, ತುಂಗಭದ್ರೆ ದಡದ ಹೊನ್ನಾಳಿಗೆ, ಹೊನ್ನಾಳಿಯಿಂದ ಬೇರೆಯಾಗಿ ಇನ್ನೂ ಹೊಸದಾಗಿಯೇ ಇರೋ ನ್ಯಾಮತಿ ತಾಲ್ಲೂಕಿಗೆ.

ಇತಿಹಾಸಕ್ಕೆ ಹೋಗೋ ಮುಂಚೆ ಒಂದು ಲೆಕ್ಕ ಹಾಕೋಣ. ಜಗಳೂರು ತಾಲ್ಲೂಕಿನ ಒಳಗಿನ ಹಳ್ಳಿಯ ಒಂದು ಮನೆ ಅಂದ್ಕೊಳ್ಳಿ. ಇದು ಕಲ್ಪನೆಯ ಮನೆ, ಆದ್ರೆ ಲೆಕ್ಕ ಕಲ್ಪನೆಯದ್ದಲ್ಲ. ಮಗನಿಗೆ ಇಪ್ಪತ್ತೈದು ವರ್ಷ, ಮೂರು ವರ್ಷದಿಂದ ಸ್ಕಿಜೋಫ್ರೇನಿಯಾ. ಯಾರೋ ತನ್ನ ಬಗ್ಗೆ ಮಾತಾಡ್ತಿದ್ದಾರೆ ಅಂತಾನೆ, ರಾತ್ರಿ ನಿದ್ದೆ ಇಲ್ಲ, ಸ್ನಾನ ಬಿಟ್ಟಿದ್ದಾನೆ. ಅಪ್ಪ ಕೂಲಿ, ಅಮ್ಮ ಕೂಲಿ. ಡಾಕ್ಟರ್‌ಗೆ ತೋರಿಸಬೇಕು ಅಂದ್ರೆ ದಾವಣಗೆರೆ, ಅಂದ್ರೆ ಜಗಳೂರು ಪಟ್ಟಣದಿಂದಲೇ ಐವತ್ತು ಕಿಲೋಮೀಟರ್ ಆಸುಪಾಸು. ಅವನೊಬ್ಬನನ್ನೇ ಕಳಿಸೋಕಾಗಲ್ಲ, ಒಬ್ಬರಂತೂ ಜೊತೆಗೆ ಹೋಗಬೇಕು. ಅವನು ದಾರೀಲಿ ಇಳಿದು ಓಡಿದ್ರೆ ಅನ್ನೋ ಭಯಕ್ಕೆ ಇಬ್ಬರೂ ಹೋಗ್ತಾರೆ. ಮೂವರ ಬಸ್ ಚಾರ್ಜು, ಹೋಟೆಲ್ ಊಟ, ಒಂದು ತಿಂಗಳ ಮಾತ್ರೆ, ಇದರ ಮೇಲೆ ಇಬ್ಬರ ಒಂದು ದಿನದ ಕೂಲಿ. ಮುಂದಿನ ತಿಂಗಳು ಮತ್ತೆ ಇದೇ. ನಾಲ್ಕನೇ ತಿಂಗಳಿಗೆ ಶೇಂಗಾ ಕೀಳೋ ಕೆಲಸ ಶುರುವಾಯ್ತು ಅಂದ್ಕೊಳ್ಳಿ. ಆ ತಿಂಗಳು ತಪ್ಪಿತು. ಮಾತ್ರೆ ನಿಂತಿತು. ಕಾಯಿಲೆ ವಾಪಸ್ ಬಂತು. ಆಗ ಊರವರು ಏನಂತಾರೆ? ‘ಔಷಧಿ ಕೊಡ್ಸಿದ್ರೂ ವಾಸಿ ಆಗ್ಲಿಲ್ಲ ನೋಡು.’

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಅಂತ 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೀತು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ ಅನ್ನೋದು ಬೇರೆ ಮಾತು. ಚಿಕಿತ್ಸೆಗೆ, ಓಡಾಟಕ್ಕೆ ಅಂತಲೇ ಒಂದು ಕುಟುಂಬಕ್ಕೆ ತಿಂಗಳಿಗೆ ಸಾವಿರದಿಂದ ಸಾವಿರದ ಐನೂರು ರೂಪಾಯಿ ಖರ್ಚಾಗುತ್ತೆ ಅಂತ ಆ ವರದಿ ಹೇಳಿತು. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಬಹುತೇಕ ಕಾಯಿಲೆಗಳಲ್ಲಿ 70 ಪರ್ಸೆಂಟ್ ದಾಟಿತ್ತು. ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ನಾವು ಹಾಕಿದ ಲೆಕ್ಕ ಅರ್ಥ ಆಗುತ್ತೆ.

ಈಗ ಹಿಂದಕ್ಕೆ ಹೋಗೋಣ.

ಕುಟುಂಬವನ್ನ ಇಟ್ಟುಕೊಂಡು ಚಿಕಿತ್ಸೆ ಮಾಡೋದು ವಿದೇಶದಿಂದ ಬಂದದ್ದು ಅಂತ ತುಂಬಾ ಜನ ಅಂದ್ಕೊಳ್ತಾರೆ. ಅರ್ಧ ನಿಜ. ಅಮೆರಿಕದಲ್ಲಿ 1950-60ರ ದಶಕದಲ್ಲಿ ಅದು ಒಂದು ಶಾಸ್ತ್ರವಾಗಿ ಬೆಳೀತು. ಅದರಲ್ಲೂ ಸಾಲ್ವಡಾರ್ ಮಿನುಚಿನ್ ಅನ್ನೋ ವೈದ್ಯರು ನ್ಯೂಯಾರ್ಕ್‌ನ ವಿಲ್ಟ್‌ವಿಕ್ ಅನ್ನೋ ಹುಡುಗರ ವಸತಿ ಶಾಲೆಯಲ್ಲಿ ಕೆಲಸ ಮಾಡ್ತಾ ಒಂದು ವಿಷಯ ಗಮನಿಸಿದ್ರು. ಅಲ್ಲಿಗೆ ಬರೋ ಹುಡುಗರು ಕೊಳೆಗೇರಿ ಮನೆಗಳ ಮಕ್ಕಳು. ಶಾಲೆಯಲ್ಲಿ ಸರಿಹೋದ ಹುಡುಗ ಮನೆಗೆ ಹೋದ ಮೇಲೆ ಮತ್ತೆ ಮೊದಲಿನ ಹಾಗೇ ಆಗ್ತಿದ್ದ. ಹಾಗಾದ್ರೆ ಕೂರಿಸಿ ಮಾತಾಡಿಸಬೇಕಾದ್ದು ಹುಡುಗನೊಬ್ಬನನ್ನಲ್ಲ, ಇಡೀ ಮನೆಯನ್ನ. ಆ ಅನುಭವದ ಪುಸ್ತಕ 1967ರಲ್ಲಿ ಬಂತು, ಹೆಸರು ‘ಫ್ಯಾಮಿಲೀಸ್ ಆಫ್ ದಿ ಸ್ಲಮ್ಸ್’. ಆಮೇಲೆ ಅವರು ಫಿಲಡೆಲ್ಫಿಯಾಗೆ ಹೋದಾಗ, ದೊಡ್ಡ ಡಿಗ್ರಿ ಇಲ್ಲದ ಅದೇ ಓಣಿಯ ಜನರಿಗೇ ತರಬೇತಿ ಕೊಟ್ಟು ಕುಟುಂಬಗಳ ಜೊತೆ ಕೆಲಸ ಮಾಡಿಸಿದ್ರು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಜಗಳೂರಿಗೆ ಬಂದಾಗ ಬೇಕಾಗುತ್ತೆ.

ಇನ್ನರ್ಧ ಕಥೆ ನಮ್ಮದು. ಇದು ಶಾಸ್ತ್ರದಿಂದ ಅಲ್ಲ, ಇಲ್ಲ ಅನ್ನೋದರಿಂದ ಹುಟ್ಟಿದ್ದು. ನರ್ಸ್ ಇಲ್ಲ, ಹಾಸಿಗೆ ಇಲ್ಲ, ದುಡ್ಡಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆ ಕಿಕ್ಕಿರಿದು ತುಂಬಿತ್ತು. ಅಲ್ಲಿನ ಸೂಪರಿಂಟೆಂಡೆಂಟ್ ಡಾ. ವಿದ್ಯಾಸಾಗರ್ ಆಸ್ಪತ್ರೆ ಅಂಗಳದಲ್ಲಿ ಟೆಂಟ್ ಹಾಕಿಸಿ, ರೋಗಿಯ ಜೊತೆ ಮನೆಯವರೂ ಇರಿ ಅಂದ್ರು. ಮನೆಯವರೇ ಊಟ ಮಾಡಿಸ್ತಾರೆ, ನೋಡ್ಕೊಳ್ತಾರೆ, ಕಾಯಿಲೆ ಅಂದ್ರೆ ಏನು ಅಂತ ಕೂತು ಕೇಳ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದಿರಬೇಕಾದವರು ಬೇಗ ಮನೆಗೆ ಹೋಗೋಕೆ ಶುರು ಮಾಡಿದ್ರು. 1957ರಲ್ಲಿ ವೆಲ್ಲೂರಿನ ಸಿಎಂಸಿಯ ಮಾನಸಿಕ ಆರೋಗ್ಯ ಕೇಂದ್ರವೂ ರೋಗಿಯ ಜೊತೆ ಮನೆಯವರು ಇರೋ ಪದ್ಧತಿಯಲ್ಲೇ ಶುರುವಾಯ್ತು.

ನಮ್ಮ ಬೆಂಗಳೂರು? ‘ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ’ ಅಂತ ಫ್ರೆಂಡ್ಸ್ ಮಧ್ಯೆ ಜೋಕ್ ಮಾಡ್ತೀವಲ್ಲ, ಆ ನಿಮ್ಹಾನ್ಸ್‌ನ ಮೂಲ 19ನೇ ಶತಮಾನದ ಹುಚ್ಚಾಸ್ಪತ್ರೆ. 1925ರಲ್ಲಿ ಅದರ ಹೆಸರು ಮೆಂಟಲ್ ಹಾಸ್ಪಿಟಲ್ ಅಂತ ಬದಲಾಯ್ತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. 1970ರ ದಶಕದಲ್ಲಿ ಇಲ್ಲಿ ಫ್ಯಾಮಿಲಿ ವಾರ್ಡ್‌ಗಳ ಪ್ರಯೋಗ ನಡೆದು, 1977ರಲ್ಲಿ ಕುಟುಂಬ ಚಿಕಿತ್ಸೆಗೆ ಅಂತಲೇ ಪ್ರತ್ಯೇಕ ಕೇಂದ್ರ ತೆರೀತು. ಇದರಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಆರ್.ಎಸ್. ಭಟ್ಟಿ ಅವರಂಥ ಸಮಾಜ ಕಾರ್ಯಕರ್ತರ ಪಾಲೂ ದೊಡ್ಡದು. ಈ ಕೆಲಸದ ಬಗ್ಗೆ ಭಟ್ಟಿ, ಜನಕಿರಾಮಯ್ಯ, ಚನ್ನಬಸವಣ್ಣ ಬರೆದ ಲೇಖನ 1980ರಲ್ಲಿ ಕುಟುಂಬ ಚಿಕಿತ್ಸೆಯ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಬೇರೆ ದೇಶದವರು ನಮ್ಮನ್ನ ನೋಡಿ ಬರ್ಕೊಂಡ ಕಾಲ ಅದು.

ಇಲ್ಲಿ ನನ್ನದೊಂದು ತಕರಾರು ಇದೆ. ‘ಭಾರತದ ಕುಟುಂಬ ಎಷ್ಟು ಗಟ್ಟಿ ನೋಡಿ, ರೋಗಿಯನ್ನ ಕೈಬಿಡಲ್ಲ’ ಅಂತ ಹೊಗಳೋದು ಬಲು ಸುಲಭ. ಟೆಂಟಲ್ಲೋ ವಾರ್ಡಲ್ಲೋ ವಾರಗಟ್ಟಲೆ ಯಾರು ಕೂರ್ತಾರೆ? ಕೂಲಿ ಬಿಟ್ಟು ಬರೋ ಶಕ್ತಿ ಇರೋರು. ಕೂರೋರು ಹೆಚ್ಚಾಗಿ ಯಾರು? ಅಮ್ಮ, ಹೆಂಡತಿ, ಅಕ್ಕ. ಸರ್ಕಾರ ಕೊಡಬೇಕಾದ ನರ್ಸ್ ಸಂಬಳವನ್ನ ಆ ಹೆಂಗಸರ ಕೂಲಿಯಿಂದ ಕಿತ್ಕೊಂಡ ಹಾಗಾಯ್ತಲ್ಲ? ವಿದ್ಯಾಸಾಗರ್ ಟೆಂಟು ಮಾನವೀಯವಾದದ್ದು, ಅನುಮಾನವೇ ಇಲ್ಲ. ಆದ್ರೆ ಅದನ್ನ ನಾವು ಸಂಸ್ಕೃತಿ ಅಂತ ಕರೆದು ಸುಮ್ಮನಾದದ್ದು ಸರಿಯಲ್ಲ.

ಇನ್ನೊಂದು ಕಡೆ, ಬರೋಕೇ ಆಗದವರ ಹತ್ರ ನಾವೇ ಹೋಗೋಣ ಅನ್ನೋ ಯೋಚನೆಯೂ ಅದೇ ಹೊತ್ತಿಗೆ ಬೆಳೀತಾ ಇತ್ತು. 1970ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್‌ನ ಸಮುದಾಯ ವಿಭಾಗ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಕೆಲಸ ಶುರು ಮಾಡ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗೆ, ಮನೆಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದನ್ನ ಕಲಿಸೋದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇದನ್ನ ಇಡೀ ಜಿಲ್ಲೆಗೆ ಹಿಗ್ಗಿಸೋಕಾಗುತ್ತಾ ಅಂತ 1985ರಿಂದ 1990ರವರೆಗೆ ಪರೀಕ್ಷೆ ಮಾಡಿದ ಜಿಲ್ಲೆ ನಮ್ಮ ಬಳ್ಳಾರಿ. ದೇಶಕ್ಕೇ ‘ಬಳ್ಳಾರಿ ಮಾದರಿ’ ಆಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ ಆಯ್ತು.

ಈಗ ಮ್ಯಾಪ್ ತೆಗೀರಿ, ತಮಾಷೆ ಇದೆ. ಆಗ ದಾವಣಗೆರೆ ಜಿಲ್ಲೆ ಅನ್ನೋದೇ ಇರಲಿಲ್ಲ. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ನ್ಯಾಮತಿ ಹೊನ್ನಾಳಿಯೊಳಗಿನ ಒಂದು ಊರು. ಜಗಳೂರಿಗೆ ಅಂಟಿಕೊಂಡಿರೋ ಹರಪನಹಳ್ಳಿ ಮಾತ್ರ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದ್ರೆ ದೇಶಕ್ಕೆ ಮಾದರಿಯಾದ ಪ್ರಯೋಗ ಜಗಳೂರಿನ ಗಡಿಯವರೆಗೆ ಬಂದು ನಿಂತುಬಿಡ್ತು. 1997ರ ಆಗಸ್ಟ್ 15ಕ್ಕೆ, ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಹೊಸ ಜಿಲ್ಲೆ ಆಯ್ತು. ಹರಪನಹಳ್ಳಿಯೂ ದಾವಣಗೆರೆಗೆ ಬಂತು, ಆಮೇಲೆ ಮತ್ತೆ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ. ಬಡವರಿಗೆ ಜಿಲ್ಲೆಯ ಗೆರೆ ಅಂದ್ರೆ ಬರೀ ಬೋರ್ಡ್ ಬದಲಾವಣೆ ಅಲ್ಲ. ಯಾವ ಆಸ್ಪತ್ರೆ, ಯಾವ ಯೋಜನೆ, ಯಾವ ಸರ್ಟಿಫಿಕೇಟು ಎಲ್ಲಿ ಸಿಗುತ್ತೆ ಅನ್ನೋದು ಆ ಗೆರೆಯಿಂದಲೇ ತೀರ್ಮಾನ ಆಗುತ್ತೆ.

ಅಲ್ಲಿಯವರೆಗೆ ಈ ಭಾಗದ ಜನ ಎಲ್ಲಿಗೆ ಹೋಗ್ತಿದ್ರು? ಚನ್ನಗಿರಿ, ಹೊನ್ನಾಳಿ ಕಡೆಯವರಿಗೆ ಶಿವಮೊಗ್ಗ ಹತ್ತಿರ. ಅಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಇದ್ರು. ಮಾನಸಿಕ ಕಾಯಿಲೆ ಬಗ್ಗೆ ಭಾಷಣ ಮಾಡಿದ್ರೆ ಜನ ಕೇಳಲ್ಲ ಅಂತ ಸಿನಿಮಾನೇ ತೆಗೆದ ಮನುಷ್ಯ, ‘ಕಾಡಿನ ಬೆಂಕಿ’ ಅವರು ಕಥೆ ಕೊಟ್ಟು ಮಾಡಿಸಿದ ಚಿತ್ರ. ಉಳಿದವರು? ತುಂಬಾ ಜನ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ. ತುಂಗಭದ್ರೆ ದಡದ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿ. ‘ಗಾಳಿ ಸೋಕಿದೆ’ ಅಂತ ಕರ್ಕೊಂಡು ಬರ್ತಾರೆ, ನದೀಲಿ ಸ್ನಾನ, ಸೇವೆ. ಇದನ್ನ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ನಂಗೆ ಸರಿ ಕಾಣಲ್ಲ. ಅಲ್ಲಿಗೆ ಹೋದ್ರೆ ಯಾರೂ ಹುಚ್ಚ ಅನ್ನಲ್ಲ, ಮನೆಯವರನ್ನ ಬಾಗಿಲ ಹೊರಗೆ ನಿಲ್ಲಿಸಲ್ಲ, ತಪ್ಪು ನಿಮ್ಮದಲ್ಲ ಗಾಳಿದು ಅಂತಾರೆ. ಸೋತು ಹೋದ ತಾಯಿಗೆ ಆ ಮಾತೇ ದೊಡ್ಡದು. ಹಾಗಂತ ಅಲ್ಲಿಗೇ ನಿಲ್ಲಿಸಿದ್ರೂ ಆಗಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಹತ್ತಿರದ ಖಾಸಗಿ ಆಶ್ರಯತಾಣಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿ ಹಾಕಿ ಕಟ್ಟಿದ್ದ 28 ಮಂದಿ ಸತ್ತುಹೋದ್ರು. ಅವರನ್ನ ಅಲ್ಲಿ ಬಿಟ್ಟು ಬಂದವರೂ ಕುಟುಂಬದವರೇ. ಕೆಟ್ಟವರಾಗಿದ್ದಕ್ಕಲ್ಲ, ಬೇರೆ ದಾರಿ ಕಾಣದೆ ಇದ್ದಿದ್ದಕ್ಕೆ.

ಮುಂದಿನ ತಿರುವು ತೀರ್ಥಹಳ್ಳಿಯಲ್ಲಿ. 2005ರ ಹೊತ್ತಿಗೆ ನಿಮ್ಹಾನ್ಸ್‌ನ ಡಾ. ಬಿ.ಎನ್. ಗಂಗಾಧರ್, ಡಾ. ಜಗದೀಶ ತೀರ್ಥಹಳ್ಳಿ ಮತ್ತು ತಂಡದವರು ಆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇದ್ದೂ ಚಿಕಿತ್ಸೆ ಪಡೆಯದವರನ್ನ ಹುಡುಕಿಕೊಂಡು ಹೊರಟ್ರು. ಎಷ್ಟೋ ವರ್ಷ ತಡವಾಗಿ ಮಾತ್ರೆ ಶುರು ಮಾಡಿದ್ರೂ ಜನ ಚೇತರಿಸ್ಕೊಳ್ತಾರೆ, ಕೆಲಸಕ್ಕೆ ಮರಳ್ತಾರೆ, ಮನೆಯವರ ಹೊರೆ ಇಳಿಯುತ್ತೆ ಅನ್ನೋದು ಅಲ್ಲಿ ಕಂಡಿತು. ತುಮಕೂರು ಜಿಲ್ಲೆಯ ತುರುವೇಕೆರೆ ಎರಡನೇ ತಾಲ್ಲೂಕು. ಅದೇ ಸಾಲಿನಲ್ಲಿ ಮುಂದೆ ಬಂದದ್ದು ಜಗಳೂರು.

ಜಗಳೂರಲ್ಲಿ ಒಂದು ಹೊಸ ಅಂಶ ಸೇರಿತು. 1959ರಲ್ಲಿ ಬೆಂಗಳೂರಲ್ಲಿ ಎನ್.ಎಸ್. ಹೇಮಾ ಶುರು ಮಾಡಿದ, ಅಂಗವಿಕಲರಿಗಾಗಿ ಕೆಲಸ ಮಾಡೋ ‘ಎಪಿಡಿ’ ಸಂಸ್ಥೆ ಇಲ್ಲಿ ಹಳ್ಳಿ ಮಟ್ಟದ ಕಾರ್ಯಕರ್ತರನ್ನ ಇಟ್ಕೊಂಡಿತ್ತು. 2010ರ ದಶಕದಲ್ಲಿ ಮೂರು ಕೈ ಸೇರಿದ್ವು: ನಿಮ್ಹಾನ್ಸ್, ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ತಂಡ, ಎಪಿಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಶಿಬಿರ, ಉಚಿತ ಮಾತ್ರೆ. 2016ರಲ್ಲಿ ದೀಪಿಕಾ ಪಡುಕೋಣೆಯವರ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ ತನ್ನ ಗ್ರಾಮೀಣ ಕಾರ್ಯಕ್ರಮವನ್ನ ಎಪಿಡಿ ಜೊತೆ ದಾವಣಗೆರೆ ಜಿಲ್ಲೆಯಲ್ಲೇ ಆರಂಭಿಸ್ತು, ಅದು ಆಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೂ ಹರಡಿತು. ದೀಪಿಕಾ ಹೆಸರು ಕೇಳಿ ಈಗ ಒಂದಿಷ್ಟು ಜನ ವಾಲ್ಯೂಮ್ ಜಾಸ್ತಿ ಮಾಡ್ಕೊಂಡಿರ್ತೀರಿ. ಆದ್ರೆ ಇಲ್ಲಿ ನಿಜವಾದ ಹೀರೋಯಿನ್ ಸ್ಕೂಟಿಯಲ್ಲೋ ನಡ್ಕೊಂಡೋ ಮನೆಮನೆಗೆ ಹೋಗೋ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ. ಮಿನುಚಿನ್ ಫಿಲಡೆಲ್ಫಿಯಾದಲ್ಲಿ ಓಣಿ ಜನರಿಗೆ ತರಬೇತಿ ಕೊಟ್ರು ಅಂದ್ನಲ್ಲ, ಅದೇ ಕೆಲಸ.

ಆಕೆ ಮನೆಯೊಳಗೆ ಹೋಗಿ ಮಾಡೋದೇನು? ‘ಥೆರಪಿ’ ಅನ್ನೋ ಪದ ಬಹುಶಃ ಬಾಯಿಗೇ ಬರಲ್ಲ. ಮೊದಲು ಮನೆಯವರ ಮಾತು ಕೇಳೋದು. ಹೆಚ್ಚಿನ ಮನೆಗಳಲ್ಲಿ ದೂರು ಒಂದೇ: ‘ಅವನಿಗೇನ್ ಆಗೈತ್ರೀ ಮೇಡಂ, ತಿಂದು ತಿಂದು ಮಲಗ್ತಾನೆ. ಸೋಮಾರಿ.’ ಅಲ್ಲಿಂದ ಶುರು. ಸ್ಕಿಜೋಫ್ರೇನಿಯಾದಲ್ಲಿ ಕಿವಿಗೆ ದನಿ ಕೇಳೋದಷ್ಟೇ ಲಕ್ಷಣ ಅಲ್ಲ. ಏನೂ ಮಾಡೋಕೆ ಮನಸ್ಸೇ ಏಳದಿರೋದು, ಮಾತು ಕಡಿಮೆ ಆಗೋದು, ಮುಖದಲ್ಲಿ ಭಾವನೆ ಕಾಣದಿರೋದೂ ಕಾಯಿಲೆಯೇ. ಇದು ಸೋಮಾರಿತನ ಅಲ್ಲ ಅಂತ ಅಪ್ಪನಿಗೆ ಅರ್ಥ ಆದ ದಿನ ಬೈಗುಳ ಅರ್ಧ ಕಡಿಮೆ ಆಗುತ್ತೆ. ಬೈಗುಳ ಕಡಿಮೆ ಆದ್ರೆ ಕಾಯಿಲೆ ಮರುಕಳಿಸೋದೂ ಕಡಿಮೆ. ಇದು ಬರೀ ಒಳ್ಳೆ ಮಾತಲ್ಲ, ಅಳೆದು ನೋಡಿದ ವಿಷಯ. ಮನೆಯಲ್ಲಿ ಟೀಕೆ, ಹಗೆ, ಅತಿಯಾದ ಕಾಳಜಿ ಜಾಸ್ತಿ ಇದ್ರೆ ರೋಗಿ ಬೇಗ ಮತ್ತೆ ಹದಗೆಡ್ತಾನೆ ಅಂತ ಲಂಡನ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ತೋರಿಸಿದ್ರು. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದನ್ನೇ ಅಳೆದಾಗ ಅಲ್ಲಿನ ಮನೆಗಳಲ್ಲಿ ಟೀಕೆ ಲಂಡನ್ನಿಗಿಂತ ಕಡಿಮೆ ಕಂಡಿತು. ಹೊಟ್ಟೆಗೇ ಇಲ್ಲದ ಮನೆಯಲ್ಲಿ ಆ ತಾಳ್ಮೆ ಎಷ್ಟು ದಿನ ಉಳಿಯುತ್ತೆ ಅನ್ನೋದು ಬೇರೆ ಪ್ರಶ್ನೆ.

ಅದಕ್ಕೇ ಬಡ ಮನೆಯಲ್ಲಿ ಎರಡನೇ ಭೇಟಿಯಲ್ಲಿ ಮಾತು ಪೂರ್ತಿ ಬೇರೆ ಕಡೆ ತಿರುಗುತ್ತೆ. ಆಧಾರ್ ಇದೆಯಾ? ಅಂಗವಿಕಲರ ಕಾರ್ಡ್ ಮಾಡ್ಸಿದ್ರಾ? ಮಾನಸಿಕ ಕಾಯಿಲೆಯೂ ಅಂಗವೈಕಲ್ಯ ಅಂತ 1995ರ ಕಾನೂನೇ ಒಪ್ಪಿದೆ, 2016ರ ಕಾನೂನು ಅದನ್ನ ಮುಂದುವರಿಸಿದೆ. 40 ಪರ್ಸೆಂಟ್ ಮೇಲೆ ಅಂತ ಸರ್ಟಿಫಿಕೇಟ್ ಸಿಕ್ಕರೆ ಸೌಲಭ್ಯಗಳ ಬಾಗಿಲು ತೆರೆಯುತ್ತೆ, ಮಾಸಾಶನಕ್ಕೆ ಅರ್ಜಿ ಹಾಕ್ಬಹುದು. ಜಾಬ್ ಕಾರ್ಡ್ ಇದೆಯಾ? ಚೇತರಿಸಿಕೊಂಡ ಮಗ ಅಪ್ಪನ ಜೊತೆ ಕೆಲಸಕ್ಕೆ ಹೋಗೋಕಾಗುತ್ತಾ? ಎರಡು ಕುರಿ ಸಾಕೋಣವಾ? ಮೇಲ್ನೋಟಕ್ಕೆ ಇದು ಥೆರಪಿ ಅಲ್ಲ, ಪಂಚಾಯ್ತಿ ಕೆಲಸ. ಆದ್ರೆ ಮಾಸಾಶನದ ದುಡ್ಡು ಮಗನ ಹೆಸರಿನ ಖಾತೆಗೆ ಬಂದ ತಿಂಗಳಿಂದ ಅವನ ತಟ್ಟೆಗೆ ಅನ್ನ ಹಾಕೋ ಕೈ ಬೇರೆ ಥರ ಹಾಕುತ್ತೆ. ಸಂಬಂಧ ಬದಲಾಯ್ತಲ್ಲ, ಕುಟುಂಬ ಚಿಕಿತ್ಸೆ ಬಯಸೋದೂ ಅದನ್ನೇ.

ಜಗಳೂರಿನ ಅನುಭವವನ್ನ ಡಾ. ಶಿವಕುಮಾರ್ ಮತ್ತು ನಿಮ್ಹಾನ್ಸ್ ತಂಡದವರು ಸಂಶೋಧನಾ ಲೇಖನಗಳಾಗಿಯೂ ಬರೆದ್ರು. ಅದರಲ್ಲಿ ಒಂದು ನೇರವಾಗಿ ಜೇಬಿನ ಬಗ್ಗೆಯೇ. ತಾಲ್ಲೂಕಿನಲ್ಲೇ ಚಿಕಿತ್ಸೆ ಸಿಕ್ಕ ಮೇಲೆ ಮನೆಯವರ ಕೈಯಿಂದ ಆಗೋ ಖರ್ಚು ಇಳಿಯಿತು ಅನ್ನೋದು ಅದರ ಸಾರ. ಮೊದಲು ಹಾಕಿದ ಲೆಕ್ಕ ನೆನಪಿಸ್ಕೊಳ್ಳಿ, ಐವತ್ತು ಕಿಲೋಮೀಟರ್ ಉಳಿದ್ರೆ ಏನೇನು ಉಳಿಯುತ್ತೆ ಅಂತ.

ಇತ್ತೀಚಿನ ಒಂದು ವಿಷಯವನ್ನೂ ಸೇರಿಸ್ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ ಫ್ರೀ. ಮಗನನ್ನ ಕರ್ಕೊಂಡು ಹೋಗೋ ಅಮ್ಮನ ಟಿಕೆಟ್ ಉಳೀತು, ಮಾನಸಿಕ ಆರೋಗ್ಯದ ಯೋಜನೆ ಅಂತ ಯಾರೂ ಹೇಳದೇ ಇದ್ರೂ. ಆದ್ರೆ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಕಡೆ ಓಡಾಡಿದವರಿಗೆ ಗೊತ್ತು, ಎಷ್ಟೋ ಹಳ್ಳಿಗಳಿಗೆ ಹೋಗೋದು ಪ್ರೈವೇಟ್ ಬಸ್ಸೇ. ಅಲ್ಲಿ ಶಕ್ತಿ ನಡೆಯಲ್ಲ. ಜೊತೆಗೆ ರೋಗಿ ಗಂಡಸಾದ್ರೆ ಅವನ ಟಿಕೆಟ್ ಇದ್ದೇ ಇದೆ.

ಸಮಸ್ಯೆ ಇಷ್ಟಕ್ಕೇ ಮುಗಿಯಲ್ಲ. ಮಾತ್ರೆ ದಾಸ್ತಾನು ಒಂದು ತಿಂಗಳು ಬರದಿದ್ರೆ ಆರು ತಿಂಗಳ ಶ್ರಮ ಹೋಗುತ್ತೆ. ಗುಳೆ ಹೋದ ಮನೆಯನ್ನ ಎಲ್ಲಿ ಅಂತ ಹುಡುಕೋದು? ಕಾರ್ಯಕರ್ತೆಯ ಗೌರವಧನ, ಸಂಸ್ಥೆಯ ದೇಣಿಗೆ ಎರಡೂ ಇವತ್ತಿದ್ದು ನಾಳೆ ನಿಲ್ಲಬಹುದು, ಸರ್ಕಾರದ ವ್ಯವಸ್ಥೆ ಮಾತ್ರ ನಿಲ್ಲಬಾರದು. ಮತ್ತೆ ಮನೆಯವರ ಗುಂಪು ಸಭೆಗಳಲ್ಲಿ ಎಲ್ಲ ಮಾತೂ ಮುಗಿದ ಮೇಲೆ ತಾಯಂದಿರು ಕೇಳೋದು ಒಂದೇ: ‘ನಾ ಹೋದ್ಮ್ಯಾಲೆ ಇವನ್ನ ನೋಡಾರ್ಯಾರು?’ ಮನೆಯವರು ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಕೂಡಿಹಾಕಬಾರದು, ಸಮುದಾಯದಲ್ಲೇ ಬದುಕೋ ವ್ಯವಸ್ಥೆಯನ್ನ ಸರ್ಕಾರ ಮಾಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತೆ. ಆ ತಾಯಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು ಅನ್ನೋದನ್ನ ಕಾನೂನು ಬರೆದಿಟ್ಟಿದೆ. ಅವಳು ಕಾಯ್ತಾ ಇದ್ದಾಳೆ.

ನಿಮ್ಮ ಮನೇಲೋ ಪಕ್ಕದ ಮನೇಲೋ ಇಂಥ ಸ್ಥಿತಿ ಇದ್ರೆ ಟೆಲಿ-ಮನಸ್ 14416ಕ್ಕೆ ಕಾಲ್ ಮಾಡಿ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನ ಕೇಳಿ. ಮುಂದಿನ ಕಂತಲ್ಲಿ ಸಿಗೋಣ.